ಕತ್ತರಿಸದ ದಾರ

ಅಟ್‌ಬಾಶಿ,
ಸೆಪ್ಟೆಂಬರ್ ೧೪, ಭಾನುವಾರ

ಬೆಕ್ತೂರನ ಅಪ್ಪನಿಗೆ ನಿಮ್ಮ ಮನೆಯವಳ ಸಲಾಮು.

ಸೊಂಟದ ನೋವು ಹೇಗಿದೆ? ಆಸ್ಪತ್ರೆಯ ಸಾರು ಕುಡಿಯುತ್ತಿದ್ದೀರೋ, ಪಕ್ಕದ ಮಂಚದವರಿಗೆ ಕೊಟ್ಟುಬಿಡುತ್ತೀರೋ? ಅಲ್ಲಿ ಕಿಟಕಿ ಸರಿಯಾಗಿ ಮುಚ್ಚುತ್ತಾರೋ ಇಲ್ಲವೋ ಎಂಬುದೂ ನನಗೆ ಯೋಚನೆ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬಿಷ್ಕೆಕ್ಕಿಗೆ ವ್ಯಾನ್ ಓಡಿಸುವ ಮಾಮತ್ ಅಣ್ಣನ ಕೈಯಲ್ಲಿ ಈ ಕಾಗದ. ಏಳನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ನಿನ್ನೆ ಬೆಕ್ತೂರನ ಕಾಲಿನ ದಾರ ಕತ್ತರಿಸುವ ಶಾಸ್ತ್ರ ಆಯಿತು. ಒಂದೂವರೆ ವರ್ಷವಾದರೂ ಅವನು ಗೋಡೆ ಬಿಟ್ಟು ಹೆಜ್ಜೆ ಇಟ್ಟಿರಲಿಲ್ಲವಲ್ಲ, ಅತ್ತೆಗೆ ತಡೆಯಲಾಗಲಿಲ್ಲ. ನೀವು ಬರುವ ತನಕ ಕಾಯೋಣ ಎಂದೆ. "ಅವನು ಬರೋ ಹೊತ್ತಿಗೆ ನನ್ನ ಮೊಮ್ಮಗನಿಗೆ ಮೀಸೆ ಬಂದಿರುತ್ತೆ ಕಣೇ" ಎಂದರು. ಕಪ್ಪು ಬಿಳಿ ಉಣ್ಣೆಯ ದಾರ ಹೊಸೆದವಳು ನಾನೇ. ನಡುವೆ ಕಿತ್ತುಹೋದರೆ ಅಪಶಕುನವೆಂದು ಹೆದರಿ ಆಡಿನ ಕೂದಲನ್ನೂ ಸೇರಿಸಿ ಬಿಗಿದೆ. ಅದೇ ಎಡವಟ್ಟಾಯಿತು.

ಬೂಟು ಹಾಕಿದ ಅವನ ಎರಡೂ ಕಾಲನ್ನು ಆ ದಾರದಿಂದ ಸೇರಿಸಿ ಕಟ್ಟಿ, ಮಕ್ಕಳನ್ನು ಹೊಳೆಯ ಕಡೆಯಿಂದ ಓಟದ ಪಂದ್ಯಕ್ಕೆ ಬಿಟ್ಟರು. ಗೆದ್ದದ್ದು ನಿಮ್ಮ ಅಣ್ಣನ ಮಗಳು ಗುಲ್ಜಿನಾ. ಗೆದ್ದವರು ಕತ್ತರಿಸಿದರೆ ಅವರ ಓಟವೇ ಮಗುವಿಗೂ ಬರುತ್ತದೆಂದು ಎಲ್ಲರಿಗೂ ಖುಷಿ. ಅವಳು ಚಾಕುವಿನಿಂದ ಉಜ್ಜಿದಳು, ಉಜ್ಜಿದಳು, ದಾರ ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಹಿಂದಿದ್ದವರೆಲ್ಲ ಬಂದು ಸೇರಿದರು. ಬಿದ್ದು ಮಂಡಿ ತರಚಿಕೊಂಡ ಪುಟ್ಟ ಆಯ್ಪೆರಿ ಕೂಡ ಬಂದಳು. ಅತ್ತೆ ಬೇರೆ ಚಾಕು ತರಲು ಒಳಗೆ ಹೋದರು, ದೊಡ್ಡವರೆಲ್ಲ ಕುದುರೆ ಹಾಲಿನ ಕುಮಿಸ್ ಬಟ್ಟಲಿನ ಕಡೆ ತಿರುಗಿದರು. ಬೆಕ್ತೂರನಿಗೆ ನಿಮ್ಮದೇ ಸಿಟ್ಟು ನೋಡಿ. ಎಳೆದೆಳೆದು ಒಂದು ಕಾಲನ್ನು ಬೂಟಿನಿಂದ ಬಿಡಿಸಿಕೊಂಡ. ದಾರವನ್ನೂ ಖಾಲಿ ಬೂಟನ್ನೂ ಹಿಂದೆ ಎಳೆದುಕೊಂಡು ನಾಲ್ಕು ಹೆಜ್ಜೆ. ಬಿದ್ದ. ಎದ್ದ. ಮತ್ತೆ ಎರಡು.

ನಾನು ದಾರ ಬಿಚ್ಚಿ ಜೇಬಿಗೆ ಸೇರಿಸಿದೆ. ಅತ್ತೆ ಬಂದು "ಕತ್ತರಿಸಿದ್ಲಾ?" ಎಂದರು, ಹೂಂ ಎಂದೆ. ಗೆದ್ದದ್ದಕ್ಕೆ ಉಡುಗೊರೆ ಸಿಕ್ಕ ಸ್ಕಾರ್ಫು ಹೊದ್ದ ಗುಲ್ಜಿನಾ ಕಿವಿಯಲ್ಲಿ ಕೇಳಿದಳು: "ಚಿಕ್ಕಮ್ಮಾ, ಹಾಗಾದ್ರೆ ಗೆದ್ದಿದ್ದು ನಾನಾ, ಅವನಾ?" ಅವಳ ಸ್ಕಾರ್ಫಿನ ಗಂಟು ಸರಿಮಾಡಿ ಆಟಕ್ಕೆ ಕಳಿಸಿದೆ. ಸಂಜೆಯವರೆಗೂ ಎಲ್ಲರೂ ಅವಳ ಓಟದ ಮಾತೇ ಆಡಿದರು. ಆ ಆರು ಹೆಜ್ಜೆಯನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಜನ ಹೋದ ಮೇಲೆ ನಿಮ್ಮ ಹಾಸಿಗೆಯ ಕಡೆ ತಿರುಗಿ ಹೇಳಿದೆ.

ನಿಮ್ಮ ಕುದುರೆ ಚೆನ್ನಾಗಿದೆ, ನಿಮ್ಮನ್ನು ಬೀಳಿಸಿದ್ದು ಅದಕ್ಕೆ ನೆನಪಿದ್ದಂತಿಲ್ಲ. ದೇವರು ನಿಮ್ಮ ಮೂಳೆಗೆ ಬಲ ಕೊಡಲಿ.

ನಿಮ್ಮ
ಕುಮುಶಾಯ್

ಮರೆತೆ, ಮಾಮತ್ ಅಣ್ಣ ಹಾರನ್ ಹೊಡೆಯುತ್ತಿದ್ದಾನೆ. ಹನ್ನೊಂದು ದಿನದಿಂದ ನೀವು ಗೋಡೆಗೆ ಮುಖ ಮಾಡಿ ಮಲಗಿದ್ದೀರಿ, ನಡೆಯುವ ಅಭ್ಯಾಸಕ್ಕೆ ಏಳುತ್ತಿಲ್ಲ ಎಂದು ಅಲ್ಲಿನ ನರ್ಸಮ್ಮ ಫೋನಿನಲ್ಲಿ ಹೇಳಿದರು. "ಕುದುರೆ ಆಟದಲ್ಲಿ ಗೆಲ್ತಿದ್ದವನು ಕೋಲೂರಿಕೊಂಡು ಊರಿಗೆ ಹೋಗ್ಲಾ" ಅಂದಿರಂತೆ. ದಾರ ನನ್ನ ಪೆಟ್ಟಿಗೆಯಲ್ಲಿದೆ, ಇನ್ನೂ ತುಂಡಾಗಿಲ್ಲ. ಅತ್ತೆಗೆ ಗೊತ್ತಾಗುವ ಮೊದಲು ನೀವೇ ಬಂದು ಕತ್ತರಿಸಬೇಕು. ಕೋಲೂರಿಕೊಂಡು, ಎಲ್ಲರಿಗಿಂತ ಕೊನೆಗೆ ಬಂದರೂ ಸರಿ. ಚಾಕು ಮಸೆದಿಟ್ಟಿದ್ದೇನೆ.