ಮೊಣಕೈ ಒಳಗಿರಲಿ

ಜೂನ್ 9, ಸೋಮವಾರ

ಜಿಯು-ಜಿತ್ಸು ಕುಸ್ತಿಯ ಮೂರನೇ ಕ್ಲಾಸು. ಇವತ್ತೂ ಇಡೀ ಒಂದು ಗಂಟೆ ಎದುರಾಳಿಯ ಕೆಳಗೇ. ಬಿಜೈ ಪೇಟೆಯ ಆ ಮಹಡಿಯಲ್ಲಿ ಫ್ಯಾನು ಹೆಸರಿಗೆ ಮಾತ್ರ. ಎಸ್ತೆರ್ ನನ್ನ ಎದೆಯ ಮೇಲೆ ಅಡ್ಡ ಮಲಗಿದಳು. ನರ್ಸಿಂಗ್ ಓದುವ ಹುಡುಗಿ, ಐವತ್ತೆರಡೇ ಕೆಜಿ. ಅಷ್ಟಕ್ಕೇ ಕಣ್ಣು ಕತ್ತಲೆ. ಎರಡು ಸೆಕೆಂಡಿಗೆ ಮ್ಯಾಟ್ ಬಡಿದೆ. ಬಡಿದರೆ ಸೋತಂತೆ, ಎದುರಾಳಿ ಬಿಡಬೇಕು, ಜಿಯು-ಜಿತ್ಸುವಿನ ನಿಯಮ.

"ಎಂತ ಅವಸರ ಟೀಚರ್? ಅವಳು ಇನ್ನೂ ಎಂತದೂ ಮಾಡ್ಲಿಲ್ಲ" — ಕಲಿಸುವ ಗ್ರೆಗರಿ ಸರ್.

ನಿಜ. ಮಾಡಿರಲಿಲ್ಲ.

ಜೂನ್ 11

ಬರೆದುಬಿಡುತ್ತೇನೆ. ಮಾರ್ಚ್‌ನಲ್ಲಿ ತೃಷಾ ನನ್ನ ಮೇಲೆ ಬಿದ್ದಳು. ನಮ್ಮ ವಿಶೇಷ ಶಾಲೆಯ ಹುಡುಗಿ. ಹದಿನೇಳು ವರ್ಷ, ಎಂಬತ್ತು ಕೆಜಿ, ಮಾತಿಲ್ಲ. ಹೊರಗೆ ಡ್ರಿಲ್ಲಿಂಗ್ ಸದ್ದಿಗೆ ಹೆದರಿ ನನ್ನನ್ನು ಅಪ್ಪಿದಳು, ಇಬ್ಬರೂ ಉರುಳಿದೆವು. ಉಸಿರು ಸಿಗಲಿಲ್ಲ. ಅವಳ ಕೈ ಕಚ್ಚಿದೆ.

ಹನ್ನೆರಡು ವರ್ಷದ ಸರ್ವಿಸ್. ಹೆದರಿದ ಮಗುವಿನ ಕೈ ಕಚ್ಚಿದೆ.

ಹೆಡ್‌ಮಿಸ್ ಬೈಯಲಿಲ್ಲ. "ಸ್ವಲ್ಪ ಸಮಯ ಆಫೀಸಲ್ಲಿರಿ, ನೀರಜಾಕ್ಷಿ." ಆಗಸ್ಟ್‌ಗೆ ಮುಂಚೆ ನಾನು ಹೇಳಬೇಕು — ತರಗತಿಯೋ, ಖಾಯಂ ಆಫೀಸೋ. ಬೈದಿದ್ದರೆ ಚೆನ್ನಾಗಿತ್ತು. ಮೈಮೇಲೆ ಭಾರ ಬಿದ್ದರೂ ಹೆದರದಿರಲು ಕಲಿಯಬೇಕೆಂದೇ ಈ ಕ್ಲಾಸು.

ಜೂನ್ 20

ಕೆಳಗಿನಿಂದ ಹೊರಬರುವ ಪಾಠ. ಮೊಣಕೈ ಒಳಗೆ. ಪಕ್ಕಕ್ಕೆ ತಿರುಗು. ಸೊಂಟ ಹಿಂದಕ್ಕೆ ಜಾರಿಸು.

"ಯೆಟ್ಟಿ ಹೇಗೆ ಹಾರ್ತದೆ, ನೋಡಿದ್ದೀರಲ್ಲ?" ಗ್ರೆಗರಿ ಸರ್. ಯೆಟ್ಟಿ ಎಂದರೆ ಸಿಗಡಿ. ದೇವಸ್ಥಾನದ ಭಟ್ಟರ ಹೆಂಡತಿಯಾದ ನನ್ನ ಹತ್ತಿರ ಸಿಗಡಿಯ ವಿಚಾರ! ಎಸ್ತೆರ್ ನನ್ನ ಮೇಲೇ ಬಿದ್ದು ನಕ್ಕಳು. ನನಗೂ ನಗು.

ನಗು ಅಲ್ಲಿಗೆ ಮುಗಿಯಿತು. ಮುಂದಿನ ಹೆಜ್ಜೆ, ಎದುರಾಳಿಯ ಸೊಂಟಕ್ಕೆ ಪಾದ ಊರಿ ತಳ್ಳುವುದು. ಊರಿದೆ. ತಕ್ಷಣ ನನ್ನ ಕೈ ತಾನಾಗಿ ಹೋಗಿ ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಆ ಕೈಯನ್ನೇ ಹಿಡಿದು ತಿರುಚಿದಳು. ನಾಲ್ಕು ಸಲ!

"ಎಂತ ಮಾರಾಯ್ರೆ, ಕೈ ನೀವೇ ಕೊಟ್ರೆ ನಾನೆಂತ ಮಾಡುದು?" ಎಂದಳು.

ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವುದು ನಲವತ್ತನಾಲ್ಕು ವರ್ಷದ ಅಭ್ಯಾಸ. ಪುಸ್ತಕಕ್ಕೂ ಮಾಡುತ್ತೇನೆ, ಬಸ್ಸಿನಲ್ಲಿ ಅಪರಿಚಿತರ ಬ್ಯಾಗಿಗೂ. ಬಿಡು ಎಂದರೆ ಬಿಡುತ್ತದೆಯೇ?

ಜೂನ್ 23

ಇವರು ದೇವಸ್ಥಾನದಿಂದ ಬಂದು ಊಟಕ್ಕೆ ಕೂತಾಗ ಹೇಳಿದೆ. ಬೇಕಿತ್ತಾ ಇದೆಲ್ಲ ಎನ್ನುತ್ತಾರೆಂದು ಕಾದೆ. ಸಾರು ಕಲಸುತ್ತಾ ಯೋಚಿಸಿದರು.

"ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲೇ ಭೂಮಿಯ ಹತ್ರ ಕ್ಷಮೆ ಕೇಳ್ತೇವಲ್ಲ. ಹಾಗೇ ಅಲ್ಲಿಯೂ ಮೊದಲೇ ಕೇಳಿಬಿಡು."

ಮದುವೆಯಾಗಿ ಇಪ್ಪತ್ತು ವರ್ಷ. ಈ ಮನುಷ್ಯ ಇನ್ನೂ ಆಶ್ಚರ್ಯ ಹುಟ್ಟಿಸುತ್ತಾರೆ.

ಜುಲೈ 2

ಶುರುವಾಗುವ ಮೊದಲೇ ಎಸ್ತೆರ್‌ಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹೌಹಾರಿದಳು. "ಇಡೀ ಗಂಟೆಗೆ ಅಡ್ವಾನ್ಸ್" ಎಂದೆ.

ಆಮೇಲೆ ಪಾದ ಊರಿ ತಳ್ಳಿದೆ. ಕೈ ಅಲುಗಲಿಲ್ಲ. ಹೊರಗೆ ಬಂದೆ! ಮಂಡಿಯೂರಿ ಕೂತು ಮಕ್ಕಳ ಹಾಗೆ ಕಿರುಚಿದೆ. ಖುಷಿ. ಸುಮ್ಮನೆ ಖುಷಿ.

ಜುಲೈ 30

ಹೆಡ್‌ಮಿಸ್‌ಗೆ ತರಗತಿಯೇ ಎಂದು ಹೇಳಿ ಬಂದೆ.

ಆಗಸ್ಟ್ 1, ಬೆಳಿಗ್ಗೆ 7

ಉಸಿರು ಕಟ್ಟುವ ಹೆದರಿಕೆ ಈಗ ಅಷ್ಟಿಲ್ಲ. ತೃಷಾ ನನ್ನನ್ನು ಕಂಡು ಹಿಂದೆ ಸರಿದರೆ... ಅದಕ್ಕೆ ಯಾವ ಪಟ್ಟೂ ಕಲಿತಿಲ್ಲ.

ಮಧ್ಯಾಹ್ನ 3.20, ಸ್ಟಾಫ್‌ರೂಮ್

ಬೆಳಿಗ್ಗೆಯಿಂದ ಮೂಲೆಯಲ್ಲೇ ಕೂತಿದ್ದಳು, ನನ್ನ ಕಡೆ ನೋಡದೆ. ಎರಡು ಗಂಟೆಗೆ ಕರೆಂಟ್ ಹೋಯಿತು, ಪಕ್ಕದ ಜನರೇಟರ್ ಗುಡುಗಿತು. ತೃಷಾ ಎದ್ದು ಓಡಿದಳು — ಬಾಗಿಲಿಗಲ್ಲ, ನನ್ನ ಕಡೆಗೆ. ಬಿದ್ದೆವು. ಎಂಬತ್ತು ಕೆಜಿ ಪೂರ್ತಿ ಎದೆಯ ಮೇಲೆ.

ಮೊಣಕೈ ಒಳಗೆ ಬಂದಿತ್ತು. ಪಕ್ಕಕ್ಕೆ ತಿರುಗಿದೆ, ಉಸಿರಿಗೆ ಜಾಗವಾಯಿತು. ಸೊಂಟ ಜಾರಿಸಿದರೆ ಆಯಿತು, ಹೊರಗೆ.

ಆಯಾ ಬಾಗಿಯಕ್ಕ ಓಡಿ ಬಂದರು. "ಎಳೀಬೇಕಾ ಟೀಚರ್?"

"ಬೇಡ. ಇರ್ಲಿ."

ಹೊರಗೆ ಬರಲಿಲ್ಲ. ಬೇಕೆಂದೇ ಬರಲಿಲ್ಲ. ಒಂದು ಕೈ ಬಿಡಿಸಿಕೊಂಡು ಅವಳ ಬೆನ್ನು ಸವರುತ್ತಾ ಮಲಗಿದೆ. ಅವಳ ಎದೆ ಡಬಡಬ ಬಡಿಯುತ್ತಿತ್ತು, ಆಮೇಲೆ ನಿಧಾನವಾಯಿತು. ಜನರೇಟರ್ ಮಾತ್ರ ಗುಡುಗುತ್ತಲೇ ಇತ್ತು. ಬಾಗಿಯಕ್ಕ ಮತ್ತೆ ಕೇಳಿದರು, ಮತ್ತೆ ಬೇಡ ಎಂದೆ. ಇಪ್ಪತ್ತು ನಿಮಿಷ ಇರಬಹುದು. ಅಷ್ಟರಲ್ಲಿ ಅವಳು ತಾನಾಗಿ —

ಬಾಗಿಲಲ್ಲಿ ಯಾರೋ. ತೃಷಾ. ಒಬ್ಬಳೇ ಹುಡುಕಿಕೊಂಡು ಬಂದಿದ್ದಾಳೆ, ಒಳಗೆ ಬರಲೋ ಬೇಡವೋ ಎಂದು ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಏಳುತ್ತೇನೆ —