ಕಂಡಕ್ಟರಮ್ಮನ ಹೇಳಿಕೆ

ಮಾರ್ಚ್ ೧೪
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಆಶೀರ್ವಾದ. ಕ್ಷೇಮಸಮಾಚಾರ ಆಮೇಲೆ, ಮೊದಲು ಆ ಫೋಟೊ ತೆಗೆದುಹಾಕು. ನಾನು ಪ್ರಶಂಸಾ ಪತ್ರ ಹಿಡಿದು ಹಲ್ಲು ಕಿರಿದುಕೊಂಡು ನಿಂತಿದ್ದೇನಲ್ಲ, ಅದೇ. ನೀನು ಅದನ್ನು ಫೋನಿನಲ್ಲಿ ಊರಿಗೆಲ್ಲ ಹಂಚಿದ್ದು ಸಾಲದೆಂದು ಆಫೀಸಿನ ಗೋಡೆಗೂ ಅಂಟಿಸಿದ್ದೀಯಂತೆ. ನಿನ್ನ ಚಿಕ್ಕಮ್ಮ ಹೇಳಿದಳು. ನನ್ನಿಂದ ಮನೆಗೇ ಹೆಸರು ಬಂತೆಂದು ಅವಳು ಕಿರುಚಿದ್ದು ನನ್ನ ಕೇಳಿಸದ ಕಿವಿಗೂ ಕೇಳಿಸಿತು.

ಇದನ್ನೆಲ್ಲ ಫೋನಿನಲ್ಲೇ ಹೇಳೋಣವೆಂದರೆ ನೀನು ಮಾತು ಮುಗಿಸಲು ಬಿಟ್ಟರೆ ತಾನೇ? ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ನಿದ್ದೆ ಬಂತಾ. ಮೂರು ಪ್ರಶ್ನೆ, ಮೂರಕ್ಕೂ ನನ್ನದು ಹೂಂ, ಫೋನ್ ಕಟ್. ಅದಕ್ಕೇ ಈ ಕಾಗದ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ.

ಬಾಂಬು ಸಿಡಿದು ಒಂದೂವರೆ ವರ್ಷವಾಯಿತು. ನನ್ನ ಬಸ್ಸಿನ ಹಿಂದಿನ ಬಾಗಿಲ ಹತ್ತಿರ, ಸೀಟಿನಡಿ ಯಾರೋ ಬಿಟ್ಟುಹೋದ ಚೀಲ. ಹನ್ನೊಂದು ಜನ ಹೋದರು. ಟಿಕೆಟ್ ಕೊಡುತ್ತ ಮುಂದಕ್ಕೆ ಬಂದಿದ್ದ ನಾನು ಎಡಗಿವಿ ಕಳೆದುಕೊಂಡು ಉಳಿದೆ. ಉಳಿದವಳನ್ನು ಅವಳ ಪಾಡಿಗೆ ಬಿಡುತ್ತಾರಾ? ನಾನು ಬಟ್ಟೆ ಒಣಹಾಕಲು ಹೋದಾಗಲೆಲ್ಲ ಪಕ್ಕದ ಮನೆಯಾಕೆ, ಅವತ್ತು ಏನೇನು ಕಣ್ಣಿಗೆ ಬಿತ್ತು ಎಂದು ಇವತ್ತಿಗೂ ಕೇಳುತ್ತಾಳೆ. ಆಸ್ಪತ್ರೆಯಲ್ಲಿ ಆಪ್ತ ಸಲಹೆ ಕೊಡುವ ಹುಡುಗಿ, ನಿನಗಿಂತ ಚಿಕ್ಕವಳು, ಉಸಿರು ಒಳಗೆ ಎಳೆದುಕೊಳ್ಳಿ, ಹೊರಗೆ ಬಿಡಿ ಎನ್ನುತ್ತಾಳೆ. ಐವತ್ಮೂರು ವರ್ಷದಿಂದ ನಾನು ಇನ್ನೇನು ಮಾಡುತ್ತಿದ್ದೆನೋ! ಡಿಪೋದಲ್ಲಿ ಎಲ್ಲರೂ ನನ್ನ ಬಲಗಿವಿಯ ಹತ್ತಿರ ಬಂದೇ ಅರಚುತ್ತಾರೆ. ನೆಟ್ಟಗಿರುವ ಒಂದು ಕಿವಿಯೂ ಇವರ ದಯೆಯಿಂದಲೇ ಹೋಗುತ್ತದೆ.

ಮತ್ತೆ ಡ್ಯೂಟಿಗೆ ಹೋಗಬೇಡವೆಂದು ನೀನು ಅತ್ತೆ. ನನಗೇನೂ ಆಗಿಲ್ಲವೆಂದು ನಾನು ಹಟ ಹಿಡಿದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಸುಳ್ಳು. ಚೀಲ ಕಂಡರೆ ಸಾಕು, ಚಿಲ್ಲರೆಯ ಲೆಕ್ಕ ತಪ್ಪುತ್ತಿತ್ತು. ಬಸ್ಸಿಗೆ ಚೀಲವಿಲ್ಲದೆ ಹತ್ತುವವರು ಯಾರಿದ್ದಾರೆ, ಹೇಳು?

ಈಗ ಆ ಪ್ರಶಂಸಾ ಪತ್ರಕ್ಕೆ ಬರುತ್ತೇನೆ. ಪೇಪರಿನಲ್ಲಿ ಬಂದದ್ದನ್ನು ನೀನು ಓದಿದ್ದೀಯ. ಅನುಮಾನಾಸ್ಪದ ಚೀಲ, ಕಂಡಕ್ಟರಮ್ಮನ ಸಮಯಪ್ರಜ್ಞೆ, ಪ್ರಯಾಣಿಕರೆಲ್ಲ ಪಾರು. ಚೀಲದಲ್ಲಿ ಸ್ಫೋಟಕ ಇರಲಿಲ್ಲವೆಂದು ಕೊನೆಯ ಸಾಲಿನಲ್ಲಿ ಹಾಕಿದ್ದರು. ಅಲ್ಲಿಯವರೆಗೆ ಯಾರೂ ಓದಿದಂತಿಲ್ಲ.

ಅದರಲ್ಲಿ ಇದ್ದದ್ದು ಹೊಲಿಗೆ ಯಂತ್ರದ ಮೋಟಾರು, ಎರಡು ಪೆಡಲು, ಒಂದಷ್ಟು ವೈರು. ಚೀಲದವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಮೂವತ್ತು ದಾಟಿರಬಹುದು. ತುಂಬಿದ ಬಸುರಿಯೊಬ್ಬಳು ಹತ್ತಿದಳೆಂದು ಎದ್ದು ಸೀಟು ಬಿಟ್ಟುಕೊಟ್ಟು, ಮುಂದೆ ಹೋಗಿ ಕಂಬಿ ಹಿಡಿದು ನಿಂತ. ಚೀಲ ಸೀಟಿನಡಿಯೇ ಉಳಿಯಿತು. ಅದರ ಬಾಯಿಂದ ವೈರಿನ ತುದಿ ಹೊರಗೆ ಇಣುಕುತ್ತಿತ್ತು. ಅಷ್ಟೇ ನಾನು ನೋಡಿದ್ದು. ಬಾಂಬ್ ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಡ್ರೈವರ್ ಬ್ರೇಕ್ ಒತ್ತಿದ. ಜನ ಒಬ್ಬರ ಮೇಲೊಬ್ಬರು ಬಿದ್ದು ಕೆಳಗಿಳಿದರು. ಚೀಲ ಯಾರದೆಂದು ಯಾರೋ ಗದರಿಸಿದಾಗ ಅವನೇ ಕೈ ಎತ್ತಿದ. "ನಂದೇ, ನಂದೇ. ಮಷಿನ್ ಸಾಮಾನು, ಇನ್ನೇನೂ ಇಲ್ಲ." ಬಾಯಿ ಬಿಟ್ಟದ್ದೇ ತಪ್ಪಾಯಿತು. ಅವನದು ಹೊಳೆಯಾಚೆಯವರ ಮಾತಿನ ಧಾಟಿ. ಆ ಸ್ಫೋಟದ ಕೇಸಿನಲ್ಲಿ ಸಿಕ್ಕಿಬಿದ್ದ ಇಬ್ಬರೂ ಹೊಳೆಯಾಚೆಯವರು. ಅಂದಿನಿಂದ ಆ ಧಾಟಿ ಕಿವಿಗೆ ಬಿದ್ದರೆ ಅರ್ಧ ಬಸ್ಸು ಗಪ್‌ಚುಪ್ಪಾಗುತ್ತದೆ. ಕಾಲರ್ ಹಿಡಿದು ರಸ್ತೆಗೆ ಎಳೆದರು. ದಿನಾ ನನ್ನ ಹತ್ತಿರ ಟಿಕೆಟ್ ತೆಗೆದುಕೊಳ್ಳುವ ಜನವೇ, ಗುಬ್ಬಿ. ಬ್ಯಾಂಕಿನವನು, ಮೇಷ್ಟ್ರು, ಔಷಧಿ ಅಂಗಡಿಯವನು. ಏಟು ತಿನ್ನುತ್ತಲೇ ಅವನು ನನ್ನ ಕಡೆಗೇ ನೋಡುತ್ತಿದ್ದ. "ಅಕ್ಕಾ, ನೀವಾದ್ರೂ ಹೇಳಿ. ಅಕ್ಕಾ, ಹೇಳೀ..." ನಾನು ಟಿಕೆಟ್ ಮಷಿನನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದೆ. ಪೊಲೀಸರು ಬರುವಷ್ಟರಲ್ಲಿ ಅವನ ಬಲಗೈಯ ಎರಡು ಬೆರಳು ಮುರಿದಿದ್ದವು.

ಇದಕ್ಕೆ ನನಗೆ ಸಮಾರಂಭ ಮಾಡಿದರು. ಡಿಪೋ ಮ್ಯಾನೇಜರು ಭಾಷಣ ಬಿಗಿದರು, ಪ್ರತಿ ರೂಟಿಗೂ ನನ್ನಂಥವರು ಒಬ್ಬರಿರಬೇಕಂತೆ. ಫೋಟೊದವನು ನಗಿ ಎಂದ, ನಕ್ಕೆ.

ಮೂರು ವಾರ ತಡೆದುಕೊಂಡೆ. ಕಳೆದ ಬುಧವಾರ ವಾರದ ರಜೆ, ಆಸ್ಪತ್ರೆಗೆ ಹೋಗುತ್ತೇನೆಂದು ನಿನಗೆ ಹೇಳಿದೆನಲ್ಲ, ಹೋದದ್ದು ಅವನ ಮನೆಗೆ. ಸ್ಟೇಷನ್ನಿನ ಪೇದೆಯೊಬ್ಬನ ಹಿಂದೆ ಬಿದ್ದು ವಿಳಾಸ ತೆಗೆದುಕೊಂಡಿದ್ದೆ. ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ಯಂತ್ರವೊಂದನ್ನು ಬಿಚ್ಚಿಕೊಂಡು ಕೂತಿದ್ದಳು. ಅವನು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಆ ಸ್ಕ್ರೂ ಅಲ್ಲ, ಪಕ್ಕದ್ದು ಎಂದು ಹೇಳಿಕೊಡುತ್ತಿದ್ದ. ಅವಳಿಗೆ ನನ್ನ ಗುರುತು ತಕ್ಷಣ ಸಿಕ್ಕಿತು. ಸಿಗದೆ ಇನ್ನೇನು, ಫೋಟೊ ಎಲ್ಲ ಕಡೆ ಇದೆಯಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತು ಒಪ್ಪಿಸಿದೆ. ಅವಳು ಕೂತ್ಕೊಳ್ಳಿ ಎನ್ನಲಿಲ್ಲ. "ನಿಮ್ಮ ಕ್ಷಮೆ ಇಟ್ಕೊಂಡು ನಾವೇನು ಮಾಡೋಣ? ವಾರಕ್ಕೊಂದ್ಸಲ ಸ್ಟೇಷನ್‌ಗೆ ಕರೀತಾರೆ, ಇಡೀ ದಿನ ಬೆಂಚ್ ಮೇಲೆ ಕೂರಿಸ್ತಾರೆ. ಇವ್ರದ್ದೇನೂ ತಪ್ಪಿಲ್ಲ ಅಂತ ಬರೆದುಕೊಡಿ. ಆಗಲ್ಲ ಅಂದ್ರೆ ಎದ್ದು ಹೋಗಿ," ಎಂದಳು. ಕೂತಿದ್ದರೆ ತಾನೇ ಏಳುವುದು! ಅಷ್ಟರಲ್ಲಿ ಅವನು, "ಹೋಗ್ಲಿ ಬಿಡೇ, ಅವ್ರೂ ಬಾಂಬ್ ಸಿಡಿದ ಬಸ್ಸಲ್ಲಿ ಸಿಕ್ಕಿಹಾಕ್ಕೊಂಡಿದ್ದವ್ರು," ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಪರ ಮಾತಾಡು ಎಂದು ಅವನಿಗೆ ಹೇಳಿದವರು ಯಾರು? ಎರಡು ಮಾತು ಬೈದಿದ್ದರೆ ನೆಮ್ಮದಿಯಾಗಿ ವಾಪಸ್ಸು ಬರುತ್ತಿದ್ದೆ.

ಮಾರನೆಯ ದಿನ ಮ್ಯಾನೇಜರಿಗೆ ಹೇಳಿದೆ. ಆತ ತಲೆ ಚಚ್ಚಿಕೊಂಡ. ಮುಗಿದ ಕಥೆಯನ್ನು ಯಾಕಮ್ಮ ಕೆದಕುತ್ತೀರಿ, ನೀವು ಹೀಗೆ ಮಾಡಿದರೆ ನಾಳೆ ನಿಜವಾದ ಬಾಂಬಿದ್ದರೂ ಯಾರೂ ಕೂಗುವುದಿಲ್ಲ ಎಂದ. ಆತ ಹೇಳಿದ್ದು ಸುಳ್ಳೂ ಅಲ್ಲ. ತಲೆ ಕೆಡುವುದು ಅದಕ್ಕೇ. ಆದರೂ ಶುಕ್ರವಾರ ಸ್ಟೇಷನ್ನಿಗೆ ಹೋಗಿ ನಾಲ್ಕು ಪುಟ ಬರೆದುಕೊಟ್ಟೆ. ಇನ್ಸ್‌ಪೆಕ್ಟರು ಎರಡು ಸಲ ಓದಿ, ಹೊಳೆಯಾಚೆಯವರು ಯಾರಾದರೂ ಬಂದು ಹೆದರಿಸಿದರಾ ಎಂದು ಕೇಳಿದರು. "ಹೆದರಿಸಿದ್ದು ಒಂದೂವರೆ ವರ್ಷದ ಹಿಂದೆ ಸಾರ್. ಇವರಲ್ಲ," ಎಂದೆ. ಸಹಿ ಹಾಕಿಸಿಕೊಂಡರು.

ಅವನನ್ನು ಇನ್ನು ಸ್ಟೇಷನ್ನಿಗೆ ಕರೆಯುವುದಿಲ್ಲವಂತೆ. ಒಂದು ಬೆರಳು ಮಾತ್ರ ಇನ್ನು ಮಡಚಲು ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. ನನ್ನನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿ ಇಟ್ಟಿದ್ದಾರೆ. ನಿನ್ನೆ ಬಸ್‌ಸ್ಟಾಪಿನಲ್ಲಿ ಮೇಷ್ಟ್ರು ನನ್ನನ್ನು ಕಂಡು ಮುಖ ತಿರುಗಿಸಿದರು. ಹಾಳಾಗಿ ಹೋಗಲಿ.

ಫೋನ್ ಮಾಡಿ ಅಳಬೇಡ. ಅಮ್ಮ, ನೀನು ಅನುಭವಿಸಿದ್ದಕ್ಕೆ ಹೀಗಾಯಿತು, ನಿನ್ನ ತಪ್ಪಲ್ಲ ಎಂದು ಮಾತ್ರ ಹೇಳಲೇಬೇಡ. ಇರಬಹುದು. ಅವನ ಬೆರಳಿಗೆ ಅದರಿಂದ ಏನಾಗಬೇಕು? ಯಾರಾದರೂ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳು. ಊಟ ಆಗಿದೆ, ಮಾತ್ರೆ ತೆಗೆದುಕೊಂಡಿದ್ದೇನೆ. ನಿದ್ದೆಯ ವಿಷಯ ಕೇಳಬೇಡ.

ನಿನ್ನ ತಲೆನೋವು,
ಅಮ್ಮ

ಮರೆತಿದ್ದು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವನು ಹತ್ತಿದ ಕೂಡಲೇ, "ಅಕ್ಕಾ, ಭಾರ ಇದೆ, ಸೀಟ್ ಕೆಳಗೆ ಇಡ್ಲಾ?" ಎಂದು ನನ್ನನ್ನು ಕೇಳಿದ್ದ. ಏನಿದೆ ಎಂದೆ, ಬಿಚ್ಚಿ ತೋರಿಸಿದ. ನಾನೇ ಬಗ್ಗಿ ನೋಡಿ ಲಗೇಜ್ ಟಿಕೆಟ್ ಕೊಟ್ಟಿದ್ದೆ. ಕೂಗುವಾಗ ಅದು ನೆನಪಿರಲಿಲ್ಲ, ಆಣೆಗೂ ಇರಲಿಲ್ಲ. ಆದರೆ ಮೊದಲ ಏಟು ಬೀಳುವ ಮುಂಚೆಯೇ ನೆನಪಾಯಿತು. ಬಾಂಬಿನ ಹೆದರಿಕೆ ಅಷ್ಟರಲ್ಲಿ ಇಳಿದಿತ್ತು. ಆ ಜನರನ್ನು ನೋಡಿ ಬಾಯಿ ಕಟ್ಟಿತು. ಸ್ಟೇಷನ್ನಿನಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆದೆ. ನಿನಗೆ ಬರೆಯಲು ಇಲ್ಲಿಯವರೆಗೆ ಬರಬೇಕಾಯಿತು.