ಕಪ್ಪು ಅಕ್ರೋಟದ ಹನಿ ಮತ್ತು ನನ್ನ ಸಹಿ

3 ಜೂನ್ 2024, ಸೋಮವಾರ. ನ್ಯಾಮತಿ.
ಲ್ಯಾಬಿಗೆ ಹದಿನಾಲ್ಕು ಮಲದ ಮಾದರಿ. ಮೂವರು ಪ್ರತ್ಯೇಕ ಡಬ್ಬಿಯನ್ನೂ ತಂದಿದ್ದರು — 'ಹೊರಬಿದ್ದ ಹುಳ'. ಸ್ಲೈಡಿನ ಮೇಲಿಟ್ಟು ನೋಡಿದೆ. ಜೀರ್ಣವಾಗದ ಬಾಳೆಹಣ್ಣಿನ ನಾರು. ಮೂವರೂ ಕೆಂಚೇಶನ ಅಂಗಡಿಯ 'ಬ್ಲ್ಯಾಕ್ ವಾಲ್‌ನಟ್ ಡ್ರಾಪ್ಸ್' ಕುಡಿಯುವವರು. ಅಮೆರಿಕದ ಕಪ್ಪು ಅಕ್ರೋಟದ ಸಿಪ್ಪೆಯ ಸಾರವಂತೆ. ಹುಳ, ರಕ್ತಹೀನತೆ, ಮಂಡಿನೋವು — ಎಲ್ಲಕ್ಕೂ ಒಂದೇ ಸೀಸೆ. ಮಾರುವವನು ಮೊನ್ನೆಯವರೆಗೆ ಮೊಬೈಲ್ ಕವರ್ ಮಾರುತ್ತಿದ್ದ.
ರಿಪೋರ್ಟ್: ಹುಳು, ಮೊಟ್ಟೆ ಕಂಡುಬಂದಿಲ್ಲ. ಸಹಿ. ನಾರಿನ ವಿಷಯ ಹೇಳಲಿಲ್ಲ. ಮೂರ್ಖರಿಗೆ ವಿವರಣೆ ನೀಡುವುದು ನನ್ನ ಹುದ್ದೆಯ ಕೆಲಸವಲ್ಲ.

5 ಜೂನ್.
ಹೊನ್ನಾಳಿಯಿಂದ ತಂಗಿ ಕರಿಬಸಮ್ಮ, ಮಗಳು ಅಂಬಿಕಾಳೊಂದಿಗೆ. ಅಂಬಿಕಾ ಐದು ತಿಂಗಳ ಗರ್ಭಿಣಿ. ಹಿಮೋಗ್ಲೋಬಿನ್ 8.9; ಹನ್ನೊಂದಾದರೂ ಇರಬೇಕು. "ಕಬ್ಬಿಣದ ಮಾತ್ರೆ ಬಿಡಬೇಡ" ಎಂದೆ.
"ಮುಗೀತಾ ಮಾವ? ಇವತ್ತಿನ ಮಾತಿನ ಕೋಟಾ ಅಷ್ಟೇನಾ?" ಎಂದು ನಕ್ಕಳು.

8 ಜುಲೈ.
ಅಂಬಿಕಾಳ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿದೆ. ಮೂರು ಬಾರಿ ನೋಡಿದೆ. ಯಂತ್ರ ಸರಿಯಿದೆ. ಅವಳ ಬೆರಳ ತುದಿಯಲ್ಲಿ ಕಂದು ಕಲೆ, ಅಕ್ರೋಟದ ಸಿಪ್ಪೆ ಬಿಡುವಂಥದ್ದು.
"ಆ ಡ್ರಾಪ್ಸ್ ಕುಡಿತಿದೀಯಾ?"
ಉತ್ತರ ಕರಿಬಸಮ್ಮನದು. "ನಿನ್ನ ರಿಪೋರ್ಟ್ ನೋಡೇ ತಗಂಡಿದ್ದು, ಅಣ್ಣ. ಕೆಂಚೇಶ ಅಂಗ್ಡಿ ಬಾಗ್ಲಿಗೇ ಅಂಟ್ಸ್ಯಾನೆ. ಕುಡ್ದೋರಿಗೆ ಹುಳ ಇಲ್ಲ ಅಂತ ನೀನೇ ಸಹಿ ಹಾಕೀಯ. ನೀನೇನು ಸುಮ್ಸುಮ್ನೆ ಸಹಿ ಹಾಕಾ ಮನುಷ್ಯನಾ?"
"ಮಾತ್ರೆ?"
"ಅದ್ನೂ ಡ್ರಾಪ್ಸ್ ನೀರಾಗೇ ನುಂಗ್ತಾಳೆ. ಎರಡೂ ಸೇರಿದ್ರೆ ಡಬಲ್ ಪವರ್ ಅಂದಾನೆ."
ಡಬಲ್ ಪವರ್! ಆ ಸಿಪ್ಪೆಯ ಒಗರು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಡುತ್ತದೆ; ರಕ್ತಕ್ಕೆ ಬಿಡುವುದಿಲ್ಲ. ಗರ್ಭಿಣಿಗೆ ಸುರಕ್ಷಿತ ಎನ್ನಲು ಆಧಾರವೂ ಇಲ್ಲ. ಇದೆಲ್ಲ ನನಗೆ ಜೂನ್ 3ರಂದೇ ತಿಳಿದಿತ್ತು.
ಡಾಕ್ಟರ್ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಇನ್ನು ಕಬ್ಬಿಣ ನೇರ ರಕ್ತನಾಳಕ್ಕೆ. ಅಂಬಿಕಾ ಈ ಸಲ ನಗಲಿಲ್ಲ.

9 ಜುಲೈ, ಬೆಳಿಗ್ಗೆ 9.30.
ಅಂಗಡಿಗೆ ಹೋದೆ. ಮೂರು ರಿಪೋರ್ಟಿನ ಜೆರಾಕ್ಸ್, ಲ್ಯಾಮಿನೇಷನ್ ಸಹಿತ. ಸಹಿ ಅತ್ಯಂತ ಸ್ಪಷ್ಟ.
ಕೆಂಚೇಶ್ ಕುರ್ಚಿ ಒರೆಸಿದ. "ಬರ್ರಿ ಸಾರ್, ನೀವೇ ನಮ್ ಬ್ರ್ಯಾಂಡು!"
"ತೆಗಿ ಅದನ್ನ."
"ಯಾಕ್ರೀ? ನೀವು ಬರ್ದಿದ್ದು ಸುಳ್ಳೇನು?"
ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ... ಐದಾರು ಹೆಂಗಸರು ನಿಂತಿದ್ದರು. ಒಬ್ಬಳ ಕೈಯಲ್ಲಿ ಡಬ್ಬಿ. "ಅದು ಬಾಳೆಹಣ್ಣಿನ ನಾರು" ಎಂದೆ. ಯಾರಿಗೂ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿ ಅಭ್ಯಾಸವಿಲ್ಲ.

ಅದೇ ದಿನ, ಸಂಜೆ 5.
ಲ್ಯಾಬ್ ಬಾಗಿಲಿಗೆ ಅಂಟಿಸಲು ಕರಡು:
'ಡಬ್ಬಿಯಲ್ಲಿ ತಂದದ್ದು ಹುಳುವಲ್ಲ, ಬಾಳೆಹಣ್ಣಿನ ನಾರು. ನನ್ನ ರಿಪೋರ್ಟ್ ಕಪ್ಪು ಅಕ್ರೋಟದ ಹನಿಗೆ ಸಾಕ್ಷಿಯಲ್ಲ. ಗರ್ಭಿಣಿಯರು ಕುಡಿಯಬಾರದು. ಕಬ್ಬಿಣದ ಮಾತ್ರೆಯೊಂದಿಗೆ ಯಾರೂ ಕುಡಿಯಬಾರದು. ಇದನ್ನು ನಾನು ಜೂನ್ 3ರಂದೇ ಹೇಳಬೇಕಿತ್ತು. ಹೇಳಲಿಲ್ಲ, ಏಕೆಂದರೆ ನಿಮ್ಮನ್ನು ನಾನು ಮೂರ್ಖರೆಂದುಕೊಂಡಿದ್ದೆ.'